ಐದನೆಯ ಫ್ಲಾಪಿ

ಶಮ್ಸುನ್ನಿಸಾ ಸೂಜಿಯ ಮೊನೆಯಿಂದ ಒಣಗಿದ ಗಂಧವನ್ನು ಕೆರೆದು ತೆಗೆಯುತ್ತಿದ್ದಳು. ಕರಿಯ ಫ್ಲಾಪಿಯ ತುದಿಗಿರುವ ತಗಡಿನ ಮುಚ್ಚಳದ ಸಂದಿಯಲ್ಲಿ ಅದು ಗಾರೆಯಂತೆ ಗಟ್ಟಿಯಾಗಿ ಕೂತಿತ್ತು. ಒಂದಿಷ್ಟು ಕೆರೆಯುವುದು, ಒಣ ಹತ್ತಿಯಿಂದ ಒರೆಸುವುದು, ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು. ಅಪ್ಪ ಖಾದರಸಾಬ ಬಾಗಿಲ ಬಳಿ ಕುರ್ಚಿಯಲ್ಲಿದ್ದ. ಅಫಜಲಪುರದಿಂದ ಬಂದ ದೊಡ್ಡಮ್ಮ ಅಜೀಜಾಬಿ ಚಾಪೆಯ ಮೇಲೆ. ತಾಯಿ ಸುಲ್ತಾನಬಿ ಮಂಚದ ಮೇಲೆ ಕಾಲು ಇಳಿಬಿಟ್ಟು, ಮುಖವನ್ನು ಕಂಪ್ಯೂಟರಿನ ಕಡೆ ತಿರುಗಿಸಿ ಕೂತಿದ್ದಳು. ಸೂಜಿ ತಗಡಿಗೆ ತಾಗುವ ಸಪ್ಪಳವೊಂದೇ ಕೇಳುತ್ತಿತ್ತು.

ಸುಲ್ತಾನಬಿಗೆ ಕಣ್ಣು ಹೋಗಿ ಹನ್ನೊಂದು ವರ್ಷವಾಗಿತ್ತು. ಮಗ ಮೌಲಾಲಿಯನ್ನು ಆಕೆ ಕೊನೆಗೆ ಕಂಡಾಗ ಅವನಿಗೆ ಮೀಸೆ ಮೂಡಿರಲಿಲ್ಲ. ಆಮೇಲೆ ಅವನು ಆಕೆಯ ಪಾಲಿಗೆ ಬರೀ ಒಂದು ದನಿ. ಹೊಸಿಲು ದಾಟುವ ಮೊದಲೇ "ಅಮ್ಮಾ, ಏನ್ ಮಾಡೀದಿ?" ಎಂದು ಒದರುತ್ತ ಬರುವ, ಸ್ವಲ್ಪ ಒಡಕು ದನಿ. ಅವನು ಸತ್ತ ಮೇಲೆ ಗೋಡೆಗೆ ಫೋಟೋ ಹಾಕಿದರು. ಆಕೆಗೆ ಅದರಿಂದ ಏನೂ ಆಗಬೇಕಿರಲಿಲ್ಲ.

ಮೌಲಾಲಿ ಕಲಬುರ್ಗಿಯಿಂದ ಹಳೆಯ ಕಂಪ್ಯೂಟರ್ ತಂದು ಆಳಂದದ ಈ ಮನೆಯಲ್ಲೇ ಟೈಪಿಂಗ್ ಕೆಲಸ ಮಾಡುತ್ತಿದ್ದ. ಆರನೆಯ ಇಯತ್ತೆಗೇ ಸಾಲಿ ಬಿಟ್ಟ ತಂಗಿ ಶಮ್ಸುನ್ನಿಸಾಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಇಂಗ್ಲಿಷ್ ಅಕ್ಷರ ಗುರುತು ಹಿಡಿಸಿದ್ದ. ತೊಂಬತ್ತಾರರ ಬೇಸಿಗೆಯಲ್ಲಿ ಅವನಿಗೆ ಸೊಲ್ಲಾಪುರದ ಒಂದು ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತು. ಹೋಗುವ ಮುಂಚೆ ಕಂಪ್ಯೂಟರಿಗೆ ಮೈಕು ಹಚ್ಚಿ ಆರು ನಿಮಿಷ ಮಾತಾಡಿ ತುಂಬಿಟ್ಟ. ಸಂತೆಯಲ್ಲಿ ಅಬ್ಬಾ ಆಡಿಗೆ ಚೌಕಾಶಿ ಮಾಡುವ ರೀತಿ, ಖಾಲಾ ಅಜೀಜಾಬಿ ಬಸ್ಸಿನ ಕಂಡಕ್ಟರನ ಸಂಗಡ ಜಗಳಾಡುವ ರೀತಿ, ಎಲ್ಲ ಅಣಕಿಸಿದ್ದ. ಸುಲ್ತಾನಬಿ ದಿನಾ ಸಂಜೆ ಅದನ್ನು ಹಚ್ಚಿಸಿಕೊಂಡು ನಗುತ್ತಿದ್ದಳು.

ಮೂರು ತಿಂಗಳಾದ ಮೇಲೆ ರಜೆಗೆ ಬಂದವನು ದೊಡ್ಡದೊಂದು ಟೈಪಿಂಗ್ ಕೆಲಸ ತಂದಿದ್ದ. ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲ.

"ದನಿ ಭಾಳ ಜಾಗ ತಿಂತದ ಶಮ್ಮೂ," ಎಂದ. "ಮಿಲ್ಲಿನಾಗ ಹತ್ತಿ ಒತ್ತಿ ಬೇಲ್ ಕಟ್ತಾರಲ್ಲ, ಹಂಗ ಇದನ್ನ ಒತ್ತಿ ಫ್ಲಾಪಿಗೆ ಹಾಕಿಡೋಣು. ಕೆಲಸ ಮುಗದ ಮ್ಯಾಲ ಮತ್ತ ಬಿಚ್ಚೋಣು. ನೀನೇ ಮಾಡು, ನಾ ನೋಡತೇನಿ."

ಒತ್ತಿದರೂ ಒಂದು ಫ್ಲಾಪಿಗೆ ಹಿಡಿಯಲಿಲ್ಲ, ಐದು ಬೇಕಾದವು. ಅವಳೇ ಒಂದೊಂದಾಗಿ ಹಾಕಿ ತೆಗೆದಳು, ಒಂದರಿಂದ ಐದು ಅಂತ ಚೀಟಿ ಅಂಟಿಸಿದಳು. ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದಳು.

"ಐದೂ ಒಂದೇ ಕಡೆ ಇರಲಿ," ಎಂದ ಮೌಲಾಲಿ. "ಬಿಚ್ಚೋ ಮುಂದ ಇದು ಮೊದಲ ಐದನೇದನ್ನ ಕೇಳತದ. ಯಾವ್ದು ಎಲ್ಲಿ ಅದ ಅನ್ನೋ ಪಟ್ಟಿ ಅದರಾಗೇ ಇರತದ. ಅದೊಂದು ಹೋತು ಅಂದ್ರ ಉಳಿದ ನಾಲ್ಕು ಚಹಾದ ಕಪ್ಪಿನ ಮ್ಯಾಲ ಮುಚ್ಚಾಕ."

ಎಂಟನೆಯ ದಿನ ಚೌಡಾಪುರದ ಹತ್ತಿರ ಅವನಿದ್ದ ಜೀಪಿಗೆ ಲಾರಿ ಬಡಿಯಿತು.

ನಲವತ್ತನೆಯ ದಿನದ ಫಾತೆಹಾ ಮುಗಿದ ಮೇಲೆ ರೂಢಿಯಂತೆ ಸತ್ತವನ ಸಾಮಾನು ಹಂಚಿದರು. ಅಂಗಿ ಒಬ್ಬರಿಗೆ, ಗಡಿಯಾರ ಒಬ್ಬರಿಗೆ, ಚಪ್ಪಲಿ ಮಸೀದಿಯ ಬಾಗಿಲಲ್ಲಿ ಕೂಡುವವನಿಗೆ. ಫ್ಲಾಪಿಯ ಡಬ್ಬಿ ಅಜೀಜಾಬಿಯ ಕೈಗೆ ಬಂತು.

"ಇದೇನದ?"

"ಅದರಾಗ ಮೌಲಾಲಿ ದನಿ ಅದ," ಎಂದ ಖಾದರಸಾಬ.

ಅಷ್ಟು ಹೇಳಿದ್ದೇ ತಡ, ಹೆಂಗಸರು ಗೊಳೋ ಎಂದು ಅತ್ತರು. ನನಗೂ ಬೇಕು, ನನಗೂ ಬೇಕು ಎಂದರು. ಐದು ಇದ್ದವು. ಎರಡು ಆಳಂದದ ಚಿಕ್ಕಪ್ಪಂದಿರಿಗೆ, ಒಂದು ಕಿಣ್ಣಿ ಸುಲ್ತಾನ ಊರಿನ ಮಾವನಿಗೆ, ಒಂದು ಇಜೇರಿಯ ಸೋದರತ್ತೆ ಪೀರಬಿಗೆ, ಐದನೆಯದು ಅಜೀಜಾಬಿಗೆ. ಖಾದರಸಾಬ ತನ್ನ ಕೈಯಾರೆ, ಬಿಸ್ಮಿಲ್ಲಾ ಹೇಳಿ ಕೊಟ್ಟ. ಒಂದು ರೊಟ್ಟಿಯನ್ನು ಐದು ಚೂರು ಮಾಡಿದರೆ ಐದೂ ಚೂರು ರೊಟ್ಟಿಯೇ ತಾನೆ ಅಂತ ಅವರೆಲ್ಲರ ತಿಳಿವಳಿಕೆ.

ಶಮ್ಸುನ್ನಿಸಾ ಅಡಿಗೆಮನೆಯ ಪರದೆಯ ಹಿಂದೆ ನಿಂತು ನೋಡಿದಳು. ಹಂಚಬ್ಯಾಡ್ರಿ ಎನ್ನುವ ಒಂದು ಮಾತು ಗಂಟಲಿಗೆ ಬಂದಿತ್ತು. ಹೊರಗೆ ಗಂಡಸರು ತುಂಬಿದ್ದರು. ಆಮೇಲೆ ಕೇಳಿ ತರಿಸಿದರಾಯಿತು ಎಂದುಕೊಂಡು ಪರದೆಯ ಅಂಚನ್ನು ಬಿಟ್ಟಳು.

ಆ 'ಆಮೇಲೆ' ಬರಲು ಏಳು ತಿಂಗಳಾಯಿತು. ಒಂದು ಸಂಜೆ ಸುಲ್ತಾನಬಿ ಮಗಳನ್ನು ಹತ್ತಿರ ಕರೆದು, "ಶಮ್ಮೂ, 'ಅಮ್ಮಾ' ಅಂತಿದ್ದ ಅನ್ನೂದು ನೆನಪದ ಬೇ. ಹ್ಯಾಂಗ ಅಂತಿದ್ದ ಅನ್ನೂದು ಹೋಗೇ ಬಿಟ್ಟದ. ನೆನಸಿಕೊಂಡ್ರ ನನ್ನ ದನಿಯೇ ಕೇಳತದ. ಅದನ್ನೊಂದು ಸಲ ಹಚ್ಚಿಕೊಡು," ಎಂದಳು.

ಆಗ ಅವಳು ಅಪ್ಪನಿಗೆ ಐದೂ ಬೇಕೆಂದಷ್ಟೇ ಹೇಳಿದಳು. ಖಾದರಸಾಬ ಊರೂರು ತಿರುಗಿದ. ನಾಲ್ಕು ಬಂದವು. ಇಜೇರಿಯ ಪೀರಬಿ ಕೌದಿಗಳ ಟ್ರಂಕಿನಿಂದ ತೆಗೆದುಕೊಟ್ಟು, "ದಿನಾ ಕಿವಿಗೆ ಹಿಡಕೊಂಡು ನೋಡ್ದೆ ಅಣ್ಣಾ, ನಿನ ಮಗ ನನ್ನ ಸಂಗಡ ಒಂದು ಮಾತೂ ಆಡಲಿಲ್ಲ," ಎಂದು ದೂರಿದಳಂತೆ. ಐದನೆಯದನ್ನು ಅಜೀಜಾಬಿ ಯಾರ ಕೈಗೂ ಕೊಡಲೊಲ್ಲದೆ ತಾನೇ ಬಸ್ಸು ಹತ್ತಿ ತಂದಳು. ಅದಕ್ಕೆ ಸುತ್ತಿದ್ದ ಹಸಿರು ಬಟ್ಟೆ ಬಿಚ್ಚಿದಾಗ ಅತ್ತರಿನ, ಲೋಬಾನದ ಹೊಗೆಯ ವಾಸನೆ ಮೂಗಿಗೆ ಬಡಿಯಿತು.

"ಖಾಲಾ, ಏನ್ ಮಾಡೀದಿ ಇದಕ್ಕ?"

"ಏನ್ ಮಾಡತಾರ? ಗೂಡಿನಾಗ ಇಟ್ಟೀನಿ. ಗುರುವಾರಕ್ಕೊಮ್ಮೆ ಗಂಧ ಹಚ್ಚಿ ಲೋಬಾನ ಹಾಕೀನಿ. ನನ್ನ ತಂಗಿ ಮಗನ ದನಿ ಇದ್ದದ್ದು, ಜರ್ದಾ ಡಬ್ಬಿ ಒಗದಂಗ ಒಗೀಲೇನು?"

ಈಗ ಸೂಜಿಯ ಕೆಲಸ ಮುಗಿದಿತ್ತು. ಶಮ್ಸುನ್ನಿಸಾ ತಗಡನ್ನು ಸರಿಸಿದಳು. ಒಳಗಿನ ಕಂದು ಹಾಳೆಯ ಮೇಲೆ ಗಂಧ ಇಳಿದು ಅರ್ಧ ಚಂದ್ರದಂತೆ ಅಂಟಿತ್ತು. ಅದನ್ನು ಒರೆಸಲು ಹೋದರೆ ಹಾಳೆಯ ಬಣ್ಣವೇ ಹತ್ತಿಗೆ ಬಂತು. ಕೈ ಹಿಂದಕ್ಕೆ ತೆಗೆದಳು.

ಕಂಪ್ಯೂಟರ್ ಹಚ್ಚಿ, ಅಣ್ಣ ಕಲಿಸಿದ ಸಾಲನ್ನು ಒಂದೊಂದೇ ಅಕ್ಷರ ಹುಡುಕಿ ಬಡಿದಳು. ಕೊನೆಯ ಫ್ಲಾಪಿ ಹಾಕಿರಿ ಎಂದು ಅದು ಕೇಳಿತು. ಹಾಕಿದಳು. ಒಳಗೆ ಗರಗರ ಸದ್ದು ಎದ್ದಿತು, ತಡೆಯಿತು, ಮತ್ತೆ ಎದ್ದಿತು.

"ಶುರು ಆತೇನು?" ಎಂದಳು ಸುಲ್ತಾನಬಿ.

"ಇನ್ನೂ ಇಲ್ಲಮ್ಮಾ."

ಓದಲಾಗುತ್ತಿಲ್ಲ ಎಂಬ ಸಾಲು ಪರದೆಯ ಮೇಲೆ ಬಂತು. ತೆಗೆದು ಹಾಕಿದಳು. ಅದೇ ಸಾಲು. ನಾಲ್ಕನೆಯ ಸಲ ಒಳಗಿನ ಸದ್ದು ಕೀರಲಾಗಿ, ಹೊರಗೆ ತೆಗೆದಾಗ ಹಾಳೆ ಗೀರಿ ಹೋಗಿತ್ತು. ಸರಿಯಿದ್ದ ಒಂದನೆಯದನ್ನು ಹಾಕಿ ನೋಡಿದಳು. ಇದಲ್ಲ, ಕೊನೆಯದು ಹಾಕಿರಿ ಎಂದಿತು. ಎರಡನೆಯದಕ್ಕೂ, ಮೂರನೆಯದಕ್ಕೂ ಅದನ್ನೇ ಎಂದಿತು. ನಾಲ್ಕನೆಯದನ್ನು ಅವಳು ಹಾಕಲಿಲ್ಲ.

"ಒಂದು ಕೆಟ್ರ ಏನಾತು? ಉಳಿದ ನಾಲ್ಕರಾಗ ಇದ್ದಷ್ಟು ಕೇಳಸು," ಎಂದ ಖಾದರಸಾಬ.

"ಕೇಳಸಾಕ ಬರೂದಿಲ್ಲ ಅಬ್ಬಾ. ಐದನೇದು ಇಲ್ದ ಯಾವ್ದೂ ಬಿಚ್ಚೂದಿಲ್ಲ."

ಅಜೀಜಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಖಾದರಸಾಬ ಕುರ್ಚಿಯಿಂದ ಎದ್ದು ಬಂದು ಮಗಳ ಬೆನ್ನ ಹಿಂದೆ ನಿಂತ.

"ಇದು ನಿನಗ ಯಾವಾಗಿಂದ ಗೊತ್ತು?"

"ಅಣ್ಣ ಇದ್ದಾಗಿಂದ."

"ಅಂದ್ರ ಅವತ್ತು, ನಾ ಕೈಯೆತ್ತಿ ಒಬ್ಬೊಬ್ಬರಿಗೆ ಕೊಡೋ ಮುಂದ..."

ಶಮ್ಸುನ್ನಿಸಾ ತಿರುಗಿ ನೋಡಲಿಲ್ಲ. ಅಪ್ಪ ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ಹೊಡೆಯಲೂ ಇಲ್ಲ, ಬೈಯಲೂ ಇಲ್ಲ, ಹಿಂದಕ್ಕೆ ಹೋಗಿ ಕೂತ. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿತು.

ಮಂಚದ ಮೇಲೆ ಸುಲ್ತಾನಬಿ ಕಿವಿಯ ಮೇಲಿದ್ದ ಸೆರಗನ್ನು ಸರಿಸಿಕೊಂಡಳು. ಇನ್ನೂ ಕಾಯುತ್ತಿದ್ದಳು. ತಲೆಯನ್ನು ಸ್ವಲ್ಪ ವಾರೆ ಮಾಡಿ ಕಂಪ್ಯೂಟರಿನ ಕಡೆ, ಗಂಡನ ಕಡೆ, ಅಕ್ಕನ ಕಡೆ ತಿರುಗಿದಳು. ಎಲ್ಲಿಂದಲೂ ಏನೂ ಬರಲಿಲ್ಲ.

"ಯಾರರೆ ಏನರೆ ಮಾತಾಡ್ರಿ," ಎಂದಳು.