ರೋಗಿಯ ಕುರ್ಚಿಯಲ್ಲಿ ಅತ್ತೆ

ಟಿಕ್ ಟಿಕ್, ಪೆನ್ನಿನ ತಲೆ ಒತ್ತುತ್ತಿದ್ದಾನೆ ಚಿನ್ನದ ಪದಕ, ಪ್ರತೀ ಪರೀಕ್ಷೆಯಲ್ಲೂ ಮೊದಲು ಬಂದು ಈ ಅಡ್ಡಹೆಸರು ಗಳಿಸಿದ ಹುಡುಗ, ಪೆನ್ನು ಜೇಬಿನಲ್ಲಿರಲಿ, ಕಣ್ಣು ಎದುರಿಗಿರುವವರ ಮೇಲಿರಲಿ ಎಂದು ವಾರವಿಡೀ ಬಡಕೊಂಡದ್ದು ಗಾಳಿಗೆ ಹೋಯಿತು, ಹೆಂಗಸರು ಬಾಯಿಬಿಟ್ಟು ಹೇಳಲಾರದ ಕಾಯಿಲೆಯನ್ನು ಕೇಳಿ ತಿಳಿಯುವುದು ಹೇಗೆ ಎಂದು ಮೆಡಿಕಲ್ ಹುಡುಗರಿಗೆ ಪಾಠ ಇದು, ಇವನೋ ಕಳ್ಳನ ವಿಚಾರಣೆಗೆ ಕೂತವನ ಹಾಗೆ ಕೂತಿದ್ದಾನೆ, ಮತ್ತು ಅವನೆದುರಿಗೆ, ರೋಗಿಯ ಕುರ್ಚಿಯಲ್ಲಿ — ಹಿಂದಿನ ಬೆಂಚಿನಲ್ಲಿ ಪಾಠ ಹೇಳುವ ಡಾಕ್ಟರಮ್ಮ ಇನ್ನಷ್ಟು ಕುಗ್ಗಿದಳು — ರೋಗಿಯ ಕುರ್ಚಿಯಲ್ಲಿ ಅವಳ ಅತ್ತೆ, ಸಾಕ್ಷಾತ್ ಗಂಡನ ತಾಯಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ರಾಣಿಯ ಹಾಗೆ. ಯಾರ ತಲೆಗೆ ಹೊಳೆಯಿತಪ್ಪಾ ಈ ಉಪಾಯ, ಅವಳದೇ ತಲೆಗೆ, ರೋಗಿಯ ಪಾತ್ರ ಮಾಡಬೇಕಿದ್ದ ನಾಟಕದ ಹೆಂಗಸು ಗಂಟಲು ಕಟ್ಟಿದೆ ಎಂದು ಪಿಸುಗುಟ್ಟಿ ಫೋನ್ ಇಟ್ಟ ಗಳಿಗೆಗೆ ಸರಿಯಾಗಿ ಅತ್ತೆ ಕಣ್ಣಿನ ವಿಭಾಗದಿಂದ ಗೋಡೆ ಸವರಿಕೊಂಡು ಬಂದಿದ್ದರು, ಔಷಧಿ ಬಿಟ್ಟಿದ್ದಾರೆ ಕಣೇ, ಎಲ್ಲ ಮಂಜು ಮಂಜು, ಮನೆಗೆ ಹೇಗೆ ಹೋಗ್ಲಿ, ಹೋಗಬೇಡಿ ಅತ್ತೆ, ನಮ್ಮ ಕ್ಲಾಸಲ್ಲಿ ಕೂತ್ಕೊಳ್ಳಿ, ಈ ಹಾಳೆಯಲ್ಲಿ ಇರೋದನ್ನ ಹೇಳಿದ್ರೆ ಸಾಕು, ತುರಿಕೆ ಅನ್ನಿ, ಎಷ್ಟು ದಿನದಿಂದ ಅಂದ್ರೆ ಒಂದು ತಿಂಗಳು ಅನ್ನಿ, ಅಷ್ಟೇ. ಹಾಳೆಯನ್ನು ಮೂಗಿಗೆ ಹಿಡಿದು, ಮಾರುದ್ದ ದೂರ ಹಿಡಿದು, ಅಕ್ಷರವೆಲ್ಲ ಇರುವೆ ಸಾಲು ಎಂದು ಮಡಿಸಿ ಚೀಲಕ್ಕೆ ತುರುಕಿದ್ದರು, ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಮುಟ್ಟು ಯಾವಾಗ ನಿಂತಿತು, ಹೆರಿಗೆ ಎಷ್ಟು, ಸ್ರಾವ ಇದೆಯಾ, ಗಂಡನ ಜೊತೆ ಸಂಪರ್ಕ ಇದೆಯಾ, ಒಂದೇ ಉಸಿರಿಗೆ ಕೇಳಿ ಮುಗಿಸುತ್ತಾನೆ ಚಿನ್ನದ ಪದಕ, ತಲೆ ಎತ್ತಿದ್ದರೆ ಕೇಳಿ, ಅತ್ತೆ ನಿಧಾನಕ್ಕೆ ಅವನ ದನಿ ಬಂದ ಕಡೆ ತಿರುಗಿ, ಅಪ್ಪಾ, ಬಾಡಿಗೆ ಮನೆ ನೋಡೋಕೆ ಬಂದೋರೂ ಮೊದಲು ಚೆನ್ನಾಗಿದೀರಾ ಅಂತಾರೆ, ನೀನು ನೇರ ಬಚ್ಚಲಿಗೇ ನುಗ್ತೀಯಲ್ಲೋ, ಎಂದರು, ಇಡೀ ಕ್ಲಾಸು ಹೋ ಎಂದಿತು, ಚಿನ್ನದ ಪದಕದ ಕಿವಿ ಕೆಂಪಗಾಯಿತು, ಅತ್ತೆಯೂ ನಕ್ಕರು, ಡಾಕ್ಟರಮ್ಮ ಮಾತ್ರ ನಗಲಿಲ್ಲ, ಈ ಮಾತು ರಾತ್ರಿ ಊಟಕ್ಕೆ ಕೂತಾಗ ಗಂಡನ ಕಿವಿಗೆ ಉಪ್ಪುಕಾರ ಹಚ್ಚಿಕೊಂಡು ಬೀಳುತ್ತದಲ್ಲ ಎಂದು.

ಮುಂದಿನವರು ಬನ್ನಿ, ಎಂದಳು, ಬಂದವನು ಏಣಿ, ಅಯ್ಯೋ ದೇವರೇ ಏಣಿ, ಬಾಗಿಲಲ್ಲಿ ಬಗ್ಗಿ ಬರುವ ಹುಡುಗ, ಹೋದ ವಾರ ಯೋನಿ ಎಂಬ ಪದ ಹೇಳಬೇಕಾದಲ್ಲೆಲ್ಲ ಕೆಮ್ಮಿದವನು, ಕೆಮ್ಮಿ ಕೆಮ್ಮಿ ಕೊನೆಗೆ ರೋಗಿಯೇ ಅವನಿಗೆ ನೀರು ಕೊಟ್ಟಿದ್ದಳು, ಅವನನ್ನು ನಪಾಸು ಮಾಡುವುದೆಂದು ಡಾಕ್ಟರಮ್ಮ ಆಗಲೇ ತೀರ್ಮಾನಿಸಿಯಾಗಿದೆ, ಅವನು ಸ್ಟೂಲನ್ನು ಎದುರಿನಿಂದ ಪಕ್ಕಕ್ಕೆ ಎಳೆದುಕೊಂಡು, ಅಮ್ಮಾ, ಹುಡುಗನ ಹತ್ರ ಹೇಳ್ಕೊಳ್ಳೋಕೆ ಮುಜುಗರ ಆದ್ರೆ ಹೇಳಿ, ನನ್ನ ಕ್ಲಾಸಿನ ಹುಡುಗೀನ ಕರೀತೀನಿ, ಎಂದ, ಪರವಾಗಿಲ್ಲ ಮಗಾ, ನಿನ್ನ ಮುಖ ನನಗೆ ಕಾಣ್ತಾನೇ ಇಲ್ಲ, ಎಂದರು ಅತ್ತೆ, ಮತ್ತು ಶುರುಮಾಡಿದರು. ಏನು ಶುರುಮಾಡಿದರು! ಗಂಡ ಜೂಜುಕೋರ, ಕೊಟ್ಟ ಒಡವೆಯನ್ನೆಲ್ಲ ಇಸ್ಪೀಟಿಗೆ ಸುರಿದವನು, ಇದು ಅತ್ತೆ ಟಿವಿಯಲ್ಲಿ ನೋಡುವ ಸಂಜೆ ಧಾರಾವಾಹಿಯ ಕಥೆ, ಪಾಪ ಮಾವ, ಬದುಕಿದ್ದಷ್ಟು ದಿನ ಆ ಮನುಷ್ಯ ಮಾಡಿದ ಘೋರ ಪಾಪವೆಂದರೆ ಕದ್ದು ಸಕ್ಕರೆ ತಿಂದದ್ದು, ಮುಂದಿನ ಸಾಲಿನ ಹುಡುಗಿ ಮೂಗೊರೆಸಿಕೊಳ್ಳುತ್ತಾಳೆ, ಇನ್ನೊಬ್ಬ ಬರೆದುಕೊಳ್ಳುತ್ತಿದ್ದಾನೆ, ಇಸ್ಪೀಟನ್ನು ಯಾವ ಕಾಯಿಲೆಗೆ ಸೇರಿಸುತ್ತಾನೋ, ಆ ಇಸ್ಪೀಟಿನ ಗಂಡ ಕುಡಿದು ಬಂದು ಬೆಕ್ಕಿಗೆ ಕೈಮುಗಿದ ಕಥೆ ಹೇಳಿ ಅತ್ತೆ ಮತ್ತೆ ನಕ್ಕರು. ಅಮ್ಮಾ, ಎಂದ ಏಣಿ, ನೀವು ನಗೋ ಮುಂಚೆ ಕಾಲು ಹೆಣೆದುಕೊಳ್ತೀರಿ, ಪ್ರತೀ ಸಲ, ಯಾಕೆ? ಎಂದು ಕೇಳಿ ಸುಮ್ಮನಾದ, ಮೌನಕ್ಕೆ ಹೆದರಬೇಡಿ, ಕಾಯಿರಿ ಎಂಬುದು ಡಾಕ್ಟರಮ್ಮನದೇ ಪಾಠ, ಇವನು ಮುಂದಿನ ಪ್ರಶ್ನೆ ಮರೆತು ಕಾಯುತ್ತಿರುವುದು ಮುಖದಲ್ಲೇ ಗೊತ್ತಾಗುತ್ತಿದೆ, ಮೌನ ಮಾತ್ರ ಅಸಲಿ, ಅತ್ತೆಯ ಬೆರಳು ಚೀಲದ ಜಿಪ್ಪನ್ನು ಎಳೆಯಿತು, ಮುಚ್ಚಿತು, ಎಳೆಯಿತು. ಎರಡನೇದು ಹುಟ್ಟಿದ ಮೇಲೆ ಮಗಾ, ಒಳಗಿಂದ ಏನೋ ಕೆಳಗೆ ಇಳಿದ ಹಾಗೆ, ಚೆಂಡಿನ ಮೇಲೆ ಕೂತ ಹಾಗೆ, ಸ್ನಾನ ಮಾಡುವಾಗ ನಾನೇ ಒಳಗೆ ತಳ್ಕೊಳ್ತೀನಿ, ನಕ್ಕರೆ, ಕೆಮ್ಮಿದರೆ ಬಟ್ಟೆ ಒದ್ದೆ, ಅದಕ್ಕೇ ಮೊದಲೇ ಬಿಗಿ ಮಾಡ್ಕೊಂಡು ಆಮೇಲೆ ನಗೋದು, ಅಭ್ಯಾಸ ಆಗೋಗಿದೆ. ಇದು ಯಾವ ಧಾರಾವಾಹಿಯಲ್ಲಿ ಬಂತು, ಎಂದು ಹುಡುಕಿದಳು ಡಾಕ್ಟರಮ್ಮ, ಯಾವುದರಲ್ಲೂ ಇಲ್ಲ, ಎರಡನೆಯದು ಎಂದರೆ ನಾದಿನಿ, ನಾದಿನಿಗೀಗ ತಲೆ ನರೆತಿದೆ, ಬೇಡ ಬೇಡ, ಅತ್ತೆ ಎಂಥವರು, ಕಲ್ಪನೆಗೇನು ಬರವೇ, ಇದೂ ನಟನೆಯೇ, ಆದರೆ ಬಸ್ಸಿನಲ್ಲಿ ದೂರ ಹೋಗಲ್ಲ, ನೀವೆಲ್ಲ ಹೋಗಿಬನ್ನಿ ಎಂದು ಸಮುದ್ರ ನೋಡಲು ಬಾರದೆ ಉಳಿದದ್ದು, ಯಾವಾಗಲೂ ಗಾಢ ಬಣ್ಣದ ಬಟ್ಟೆ, ತಮ್ಮ ಬಟ್ಟೆ ತಾವೇ ಒಗೆಯುವುದು, ವಾಷಿಂಗ್ ಮೆಷಿನ್ ಹತ್ತಿರವೂ ಬಿಡದೆ, ಹಠ, ಮುದುಕರ ಹಠ ಎಂದು ಅವಳೇ ಗಂಡನ ಹತ್ತಿರ ಗೊಣಗಿದ್ದಳಲ್ಲ, ಗೋಡೆಯ ಮೇಲಿನ ಆ ಫೋಟೋ, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾರೆ, ಮಧ್ಯೆ ಅತ್ತೆ ಕಾಲಿಗೆ ಕಾಲು ಹೆಣೆದು ಶಾಲೆ ಹುಡುಗಿಯ ಹಾಗೆ ನಿಂತಿದ್ದಾರೆ, ಎಷ್ಟು ನಾಜೂಕು ನಿಮ್ಮತ್ತೆ ಎಂದಿದ್ದರು ಬಂದವರೆಲ್ಲ. ಯಾರಿಗೂ ತೋರಿಸ್ಲಿಲ್ವಾ ಅಮ್ಮಾ, ಎಂದ ಏಣಿ, ತೋರಿಸೋದೇನು, ಸೊಸೆನೇ ಡಾಕ್ಟರು, ದಿನವಿಡೀ ಇದನ್ನೇ ನೋಡಿ ಸುಸ್ತಾಗಿ ಬರ್ತಾಳೆ, ಉಣ್ಣೋ ತಟ್ಟೆ ಮುಂದೆ ಈ ಮಾತು ಎತ್ತಲಾ, ಮೇಲಾಗಿ ನಾನು ಅತ್ತೆ ಕಣೋ, ನನಗೂ ಒಂದು ಗತ್ತು ಬೇಡ್ವಾ? ಕ್ಲಾಸಿನ ತಲೆಗಳೆಲ್ಲ ಹಿಂದಿನ ಬೆಂಚಿಗೆ ತಿರುಗಿ, ಕೂಡಲೇ ಮುಂದಕ್ಕೆ ತಿರುಗಿದವು. ತುಂಬ ಹೆಂಗಸರಿಗೆ ಹೀಗಾಗತ್ತೆ ಅಮ್ಮಾ, ಸಹಿಸ್ಕೊಂಡೇ ಇರಬೇಕಿಲ್ಲ, ವಾಸಿ ಮಾಡಬಹುದು, ಎಂದ ಏಣಿ, ಕೆಮ್ಮದೆ.

ಕಾರಿಡಾರಿನಲ್ಲಿ ಅತ್ತೆ ಅವಳ ತೋಳು ಹಿಡಿದು ನಡೆಯುತ್ತಿದ್ದಾರೆ, ಸ್ಟ್ರೆಚರು ಹೋಗುತ್ತದೆ, ನೆಲ ಒರೆಸುವವಳು ಬಕೆಟ್ಟು ಸರಿಸುತ್ತಾಳೆ, ಹೇಗೆ ಶುರುಮಾಡುವುದು, ಒತ್ತಾಯಿಸಬೇಡಿ, ತೀರ್ಪು ಕೊಡಬೇಡಿ, ಅವರದೇ ಪದ ಬಳಸಿ, ವರ್ಷಗಟ್ಟಲೆ ಕಲಿಸಿದ ವಾಕ್ಯಗಳಲ್ಲಿ ಒಂದಾದರೂ ನಾಲಿಗೆಗೆ ಬರಬಾರದೇ, ಅತ್ತೆ, ಅದು, ಅಂದರೆ, ತುಂಬ ಹೆಂಗಸರಿಗೆ, ಎಂದು ಡಾಕ್ಟರಮ್ಮ ಕೆಮ್ಮಿದಳು, ಏಣಿಗಿಂತ ಜೋರಾಗಿ. ನೀರು ಬೇಕೇನೇ, ಎಂದರು ಅತ್ತೆ. ಬೇಡ, ಅತ್ತೆ, ನೀವು ಹೇಳಿದ್ರಲ್ಲ, ಅದರಲ್ಲಿ ಸುಳ್ಳು ಎಷ್ಟು? ಅತ್ತೆ ನಿಂತು, ಮಂಜಾದ ಕಣ್ಣನ್ನು ಕಿಟಕಿಯ ಬೆಳಕಿಗೆ ಕಿರಿದು ಮಾಡಿ ಯೋಚಿಸಿದರು. ನಿಮ್ಮ ಮಾವ ಇಸ್ಪೀಟು ಮುಟ್ಟಿದೋರಲ್ಲ, ಪಾಪ, ಎಂದರು. ಅಷ್ಟೇನಾ? ಅಷ್ಟೇ, ಬೆಕ್ಕೂ ಇರಲಿಲ್ಲ. ಅವರ ಕೈಯನ್ನು ಹಿಡಿದುಕೊಂಡಳು, ಕೈ ಬೆಚ್ಚಗಿತ್ತು, ನಾಳೆ ನಮ್ಮ ವಿಭಾಗಕ್ಕೆ ಬನ್ನಿ ಅತ್ತೆ, ನಾನು ನೋಡಲ್ಲ, ನನ್ನ ಹಿರಿಯರೊಬ್ಬರಿದ್ದಾರೆ, ಅವರು ನೋಡ್ತಾರೆ, ನಾನು ಹೊರಗೆ ಕೂತಿರ್ತೀನಿ. ನೀನು ಒಳಗೇ ಇರು, ಹೊರಗೆ ಯಾಕೆ, ಎಂದರು ಅತ್ತೆ, ಮತ್ತೆ ಆ ಹುಡುಗನಿಗೆ ಎಷ್ಟು ಕೊಟ್ಟೆ, ಮೇಲಿಂದ ದನಿ ಬರ್ತಿತ್ತಲ್ಲ, ಅವನಿಗೆ? ಪಾಸು ಅತ್ತೆ. ಬರೀ ಪಾಸಾ, ಜಿಪುಣಿ, ಎಂದು ಅತ್ತೆಗೆ ನಗು ಉಕ್ಕಿ ಬಂತು, ಬರುತ್ತಿದ್ದುದು ಕಂಡಿತು, ಗಲ್ಲದಲ್ಲಿ, ಭುಜದಲ್ಲಿ, ಇನ್ನೇನು ಬಂತು, ಅದಕ್ಕೂ ಮೊದಲು ಎಡಗಾಲು ಮೆಲ್ಲಗೆ ಎದ್ದು ಬಲಗಾಲಿನ ಮುಂದೆ ಹೋಗಿ ಹೆಣೆದುಕೊಂಡಿತು, ಬಿಗಿಯಿತು, ಆಮೇಲೆ ನಗು, ಮೊದಲು ಕಾಲು, ಆಮೇಲೆ ನಗು, ಮೊದಲು ಕಾಲು —