ಅಪೊಲೋನಿಯಾ ಬಾಯಮ್ಮನ ಬಾಲ್ಕನಿ

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ನನಗೆ ಮಂಗಳೂರಿನ ಹುಚ್ಚು ಹಿಡಿಯಿತು. ಹುಟ್ಟಿ ಬೆಳೆದ ಊರೇ, ಇಲ್ಲವೆನ್ನುವುದಿಲ್ಲ. ಆದರೆ ವರ್ಷಗಟ್ಟಲೆ ಮಂಜಾಗಿದ್ದ ಬಣ್ಣಗಳೆಲ್ಲ ಒಂದೇ ವಾರದಲ್ಲಿ ವಾಪಸ್ ಬಂದರೆ ಯಾರ ತಲೆ ತಾನೆ ನೆಟ್ಟಗಿರುತ್ತದೆ? ಸೂಜಿಗೆ ನೂಲು ಪೋಣಿಸಲು ಆಗುತ್ತಿಲ್ಲವೆಂದು ಆಪರೇಷನ್ ಮಾಡಿಸಿದ್ದು. ಈಗ ನೂಲು ಪೋಣಿಸುವುದನ್ನು ಬಿಟ್ಟು ಅಂಗಡಿಯ ಬಾಗಿಲಲ್ಲಿ ನಿಂತು ಎದುರಿನ ಗೋಡೆ ನೋಡುತ್ತಿದ್ದೆ. ಬೂದಿ ಎಂದು ನಾನು ತಿಳಿದಿದ್ದ ಆ ಗೋಡೆ ನಿಜಕ್ಕೂ ನೇರಳೆ ಬಣ್ಣದ್ದು.

ಹೇಮಾಕ್ಷಿ ಟೈಲರ್ ಎಂದರೆ ಕೊಟ್ಟಾರದಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ರವಿಕೆ ಹೊಲಿದು ಹೊಲಿದು ನನಗೆ ಕಟ್ಟಡ ನೋಡಿದರೂ ಮೊದಲು ಕಾಣುವುದು ಅದರ ಕಟಿಂಗ್. ಹಂಚಿನ ಮನೆಗಳಿಗೆ ಕೈಯಲ್ಲಿ ಹಾಕಿದ ಅಂಚಿನ ಚೆಂದವಿದೆ. ಹೊಸ ಫ್ಲ್ಯಾಟುಗಳೋ, ಒಂದೇ ಅಳತೆ ಇಟ್ಟು ನೂರು ಕತ್ತರಿಸಿದಂತೆ. ಹಾಗೆಂದು ಹೊಸದನ್ನು ಹಳಿಯುವವಳು ನಾನಲ್ಲ. ಗಾಜಿನ ಕಟ್ಟಡದ ಮೇಲೆ ಬೆಳಗಿನ ಬಿಸಿಲು ಬಿದ್ದರೆ ನನಗೆ ರಸ್ತೆಯಲ್ಲೇ ಕುಣಿಯಬೇಕೆನಿಸುತ್ತದೆ. ಕುಣಿದರೆ ಗಿರಾಕಿಗಳು ಬಟ್ಟೆ ವಾಪಸ್ ತೆಗೆದುಕೊಂಡು ಹೋಗುತ್ತಾರಲ್ಲ ಎಂದು ಫೋಟೋ ತೆಗೆಯಲು ಶುರು ಮಾಡಿದೆ.

ಜೊತೆಗೆ ಸಿಕ್ಕವಳು ದೇರೆಬೈಲಿನ ಜಾನೆಟ್. ಕುವೈತಿನಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾಗಿ ಬಂದವಳು. ಮನೆಯಲ್ಲಿ ಕೂರಲಾಗದೆ ಚಡಪಡಿಸುತ್ತಿದ್ದಳು. ಅವಳಲ್ಲಿ ಸ್ಕೂಟರ್ ಇತ್ತು, ನನ್ನಲ್ಲಿ ಕಣ್ಣಿತ್ತು. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಅವಳ ಪೂಜೆ ಮುಗಿದ ಕೂಡಲೇ ನಾವು ಹೊರಡುತ್ತಿದ್ದೆವು. ಹಳೆಯ ಕಟ್ಟಡ, ಹೊಸ ಕಟ್ಟಡ ಎರಡೂ ಒಂದೇ ಫೋಟೋದಲ್ಲಿ ಚೆಂದವಾಗಿ ಸಿಗಬೇಕೆಂಬುದು ನನ್ನ ಆಸೆ. ಅದು ಅಷ್ಟು ಸುಲಭವಲ್ಲ. ಒಂದೋ ಹಳೆಯದರ ಮುಂದೆ ಟ್ರಾನ್ಸ್‌ಫಾರ್ಮರ್ ನಿಂತಿರುತ್ತದೆ, ಇಲ್ಲವೇ ಹೊಸದರ ಮುಂದೆ ದೊಡ್ಡ ಬ್ಯಾನರ್.

ಆ ಭಾನುವಾರ ಫಳ್ನೀರಿನ ಒಂದು ಅಡ್ಡರಸ್ತೆಗೆ ತಿರುಗಿದೆವೋ ಇಲ್ಲವೋ, ಜಾನೆಟಳ ಹೆಗಲಿಗೆ ಗುದ್ದಿ ಸ್ಕೂಟರ್ ನಿಲ್ಲಿಸಿದೆ. ಒಂದು ಜಿನಸಿ ಅಂಗಡಿ, ಅದರ ಮೇಲೆ ರಸ್ತೆಗೆ ಚಾಚಿಕೊಂಡ ಮರದ ಬಾಲ್ಕನಿ. ಗಿಳಿಹಸಿರು ಬಣ್ಣ, ಸುತ್ತ ಮರದ ಜಾಲರಿ, ಮೇಲೆ ಹಂಚಿನ ಪುಟ್ಟ ಮಾಡು. ಒಳಗೆ ಹೂವಿನ ನೈಟಿ ತೊಟ್ಟ ಅಜ್ಜಿಯೊಬ್ಬರು ಕಾಫಿ ಕುಡಿಯುತ್ತ, ಇಡೀ ಬೀದಿ ತಮ್ಮದೇ ಎಂಬಂತೆ ಕೂತಿದ್ದರು. ಎದುರಿಗೆ ಆರು ಮಾಳಿಗೆಯ ಹೊಚ್ಚ ಹೊಸ ಗಾಜಿನ ಕಾಂಪ್ಲೆಕ್ಸ್. ನನಗೆ ಬೇಕಾದದ್ದು ಇದೇ.

ಆದರೆ ಎಲ್ಲಿ ನಿಂತರೂ ತಂತಿ, ಎಲ್ಲಿ ಕೂತರೂ ನಿಂತ ಕಾರು. ಬಾಲ್ಕನಿಯ ಒಂದು ಮೂಲೆ ಸಿಕ್ಕಿದರೆ ಇನ್ನೊಂದು ತಪ್ಪುತ್ತಿತ್ತು. ಅಂಗಡಿಯ ಬಾಗಿಲ ಮೇಲೂ ಅದೇ ಜಾಲರಿ ಇತ್ತು. ಅದನ್ನು ರವಿಕೆಯ ಬೆನ್ನಿಗೆ ತಂದರೆ ಹೇಗೆ ಎಂದು ನನಗೆ ಹೊಳೆದದ್ದು ಆಗಲೇ. ಅಳತೆಯ ಟೇಪು ನನ್ನ ಕೊರಳಲ್ಲಿ ಕರಿಮಣಿಯ ಜೊತೆಗೇ ಇರುವಂಥದ್ದು, ಭಾನುವಾರವೂ ಕಳಚುವುದಿಲ್ಲ. ಜಾನೆಟ್ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಕಂಬದಿಂದ ಕಂಬಕ್ಕೆ, ಹುರುಪಿನಲ್ಲಿ ಬೇಡದಿದ್ದರೂ ಬಾಗಿಲಿಂದ ಚರಂಡಿಯವರೆಗೂ ಅಳೆದು, ಗಟ್ಟಿಯಾಗಿ ಓದಿ, ಫೋಟೋ ತೆಗೆದೆವು.

ಅಂಗಡಿಯ ಯಜಮಾನರು ಹೊರಗೆ ಬಂದರು. ಜೊಕಿಮ್ ಎಂದು ಹೆಸರು, ಮೇಲೆ ಕೂತ ಅಜ್ಜಿಯ ಗಂಡ. ನಾವು ಬಾಯಿ ತೆರೆಯುವ ಮೊದಲೇ ಎರಡು ಎಳನೀರಿನ ಬೊಂಡ ಕೆತ್ತಿಸಿ ಕೈಗಿಟ್ಟರು. ಬಾಲ್ಕನಿ ನೋಡಿ ನಮಗೆ ಎಂತ ಅನಿಸುತ್ತದೆ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ನಾನು ಸಂತೋಷದ ಭರದಲ್ಲಿ, ಪೂರಾ ಮೂರೂವರೆ ಅಡಿ ರಸ್ತೆಗೆ ಬಂದಿದೆ, ಇಂಥದ್ದು ಈ ಬೀದಿಯಲ್ಲಿ ಇನ್ನೊಂದಿಲ್ಲ ಎಂದು ಹೊಗಳಿದೆ. ಅವರ ಮುಖ ಬಾಡಿತು. ಪಾಪ, ಹೊಗಳಿಸಿಕೊಂಡು ಅಭ್ಯಾಸವಿಲ್ಲದ ಮನುಷ್ಯ ಎಂದುಕೊಂಡೆ.

ಮುಂದೆ ನಡೆದಂತೆ ಆ ಬೀದಿಯ ಜನರ ಒಳ್ಳೆಯತನ ಕಂಡು ನಾವು ಬೆರಗಾದೆವು. ಒಬ್ಬರು ಕುರ್ಚಿ ತಂದರು. ಒಬ್ಬರು ಬಾಳೆಹಣ್ಣು ಕೊಟ್ಟರು. ನಾವು ಹತ್ತಿರ ಹೋಗುತ್ತಿದ್ದಂತೆ ಮೊಬೈಲ್ ಅಂಗಡಿಯವರು ಹೊರಗಿಟ್ಟಿದ್ದ ಬೋರ್ಡನ್ನು ಒಳಗೆಳೆದುಕೊಂಡರು, ಹೊಸ ಅಪಾರ್ಟ್‌ಮೆಂಟಿನವರು ಹೂಕುಂಡಗಳನ್ನು ಎತ್ತಿಕೊಂಡು ಓಡಿದರು. ಫೋಟೋಕ್ಕೆ ಅಡ್ಡವಾಗಬಾರದೆಂದು ಇಷ್ಟು ಕಾಳಜಿ ಮಾಡುವ ಜನ ಎಲ್ಲಿದ್ದಾರೆ ಎಂದಳು ಜಾನೆಟ್. ನಾನೂ ಹೌದೆಂದು ತಲೆಯಾಡಿಸಿದೆ.

ಬೀದಿಯ ತುದಿಯಲ್ಲಿ ಹಸನಬ್ಬರ ಹೋಟೆಲು. ಚಹಾ ಬಂತು, ಕೇಳದೆ ಬನ್ಸೂ ಬಂತು. ಹಸನಬ್ಬ ನಮ್ಮೆದುರು ಸ್ಟೂಲ್ ಎಳೆದುಕೊಂಡು ಕೂತರು.

"ನಮ್ಮ ಆ ಎರಡು ಮೆಟ್ಟಿಲು ಮಾತ್ರ ಬಿಡಿ ಮಾರಾಯ್ರೆ," ಎಂದರು. "ರೋಡು ಅಗಲ ಮಾಡುವವರು ಭಾನುವಾರವೂ ಬರ್ತಾರೆ ಅಂತ ನಮಗೆ ಗೊತ್ತಿರ್ಲಿಲ್ಲ."

ಜಾನೆಟ್ ನನ್ನ ಕೊರಳಿನ ಟೇಪು ನೋಡಿದಳು, ನಾನು ಅವಳ ದೊಡ್ಡ ಟೋಪಿ, ಕಪ್ಪು ಕನ್ನಡಕ ನೋಡಿದೆ. ಆಮೇಲೆ ಬಂದ ನಗೆಯಲ್ಲಿ ನನ್ನ ಚಹಾ ಮೂಗಿಗೆ ಏರಿತು. ಜಾನೆಟ್ ಮೇಜಿಗೆ ತಲೆಯಿಟ್ಟು ಅಲುಗಾಡುತ್ತಿದ್ದಳು. ನಾನು ರವಿಕೆ ಹೊಲಿಯುವವಳು ಎಂದು ಬಿಕ್ಕುತ್ತ ಬಿಕ್ಕುತ್ತ ಹೇಳಿದೆ. ಹಸನಬ್ಬ ನಂಬಿದರೋ ಇಲ್ಲವೋ, ನಗಲಿಲ್ಲ.

"ಹಾಗಾದ್ರೆ ಜೊಕಿಮರಿಗೆ ಬೇಗ ಹೇಳಿ. ಜೆಸಿಬಿ ಬಂದು ಎಳೆದ್ರೆ ಗೋಡೆಯೇ ಬೀಳ್ತದೆ, ನಾವೇ ಬಾಲ್ಕನಿ ತೆಗೆಯುವ ಅಂತ ಪಿಯುಸನಿಗೆ ಫೋನ್ ಮಾಡಿದ್ದಾರೆ."

ಪಿಯುಸ್ ಯಾರೆಂದು ಕೇಳಬೇಕಾಗಲಿಲ್ಲ. ಬೀದಿಯ ಆ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿತು. ನನ್ನ ನಗೆ ಅಲ್ಲೇ ಒಣಗಿತು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ.

ಬಡಗಿ ಪಿಯುಸ್ ಏಣಿ ಹತ್ತಿ ನಿಂತಿದ್ದ. ಜಾಲರಿಯ ಕೆಳಗಿನ ಒಂದು ಹಲಗೆ ಆಗಲೇ ಕಿತ್ತು ನೆಲದ ಮೇಲಿತ್ತು. ಬಾಲ್ಕನಿಯ ಒಳಗೆ ಆ ಅಜ್ಜಿ, ಜೊಕಿಮರ ಹೆಂಡತಿ ಅಪೊಲೋನಿಯಾ ಬಾಯಮ್ಮ, ಕುರ್ಚಿ ಬಿಟ್ಟು ಏಳದೆ, ಇಡ್ಲಿಯ ತಟ್ಟೆ ಮಡಿಲಲ್ಲಿಟ್ಟುಕೊಂಡು ತಿನ್ನುತ್ತಿದ್ದರು. ಕೀಳುವುದಾದರೆ ತನ್ನನ್ನೂ ಸೇರಿಸಿ ಕೀಳಬೇಕೆಂಬುದು ಅವರ ವಾದ. ಅದಕ್ಕೆ ಬೇಕಾದ ಕೂಲಿಯ ವಿಷಯ ಮಾತಾಡಿಲ್ಲವೆಂಬುದು ಪಿಯುಸನ ವಾದ.

ನಾನು ಜೊಕಿಮರಿಗೆ ಕೈ ಮುಗಿದು ಎಲ್ಲ ಹೇಳಿದೆ. ಟೇಪು ತೋರಿಸಿದೆ, ರವಿಕೆಯ ಕಥೆ ಹೇಳಿದೆ. ಜಾನೆಟ್ ಅದನ್ನೇ ಕೊಂಕಣಿಯಲ್ಲಿ ಇನ್ನೂ ಜೋರಾಗಿ ಹೇಳಿದಳು. ಜೊಕಿಮರು ಕೇಳಿದರು, ನಂಬಿದರು ಕೂಡ. ಆದರೂ ಅಲ್ಲಾಡಲಿಲ್ಲ.

"ಇವತ್ತು ನೀವಲ್ಲ, ಸರಿ. ನಾಳೆ ನಿಜವಾದವರು ಬರ್ತಾರಲ್ಲ, ಅಮ್ಮಾ? ನನಗೆ ಹೆದರಿ ಹೆದರಿ ಸಾಕಾಯ್ತು. ಒಮ್ಮೆ ಹೋದ್ರೆ ನಿದ್ದೆ ಆದ್ರೂ ಬರ್ತದೆ."

ಬಾಲ್ಕನಿ ಹೋಗುವುದೇ ಆದರೆ ಪೂರಾ ಒಂದು ಫೋಟೋ ಆದರೂ ಇರಲಿ ಎಂದು ಗಾಜಿನ ಕಾಂಪ್ಲೆಕ್ಸಿನ ಕಡೆ ಓಡಿದೆ. ಬೇರೆ ದಿನವಾಗಿದ್ದರೆ ಅಲ್ಲಿನ ಸೆಕ್ಯುರಿಟಿಯವರು ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಈ ದಿನ ಟೇಪು ನೋಡಿ ಸೆಲ್ಯೂಟ್ ಹೊಡೆದು, ತಾವೇ ಲಿಫ್ಟಿನ ಬಟನ್ ಒತ್ತಿದರು. ನಾನು ಸುಳ್ಳು ಹೇಳಲಿಲ್ಲ, ಸುಮ್ಮನೆ ಗಂಭೀರವಾಗಿ ತಲೆಯಾಡಿಸಿದೆ. ಒಳಗೊಳಗೇ ನಗು ತಡೆಯಲಾಗುತ್ತಿರಲಿಲ್ಲ, ಕಣ್ಣಲ್ಲಿ ನೀರೂ ಬರುತ್ತಿತ್ತು.

ಎರಡನೇ ಮಾಳಿಗೆಯ ಕಿಟಕಿ ತೆರೆದೆ. ಕಾರುಗಳೆಲ್ಲ ಕೆಳಗೆ, ತಂತಿಗಳೂ ಕೆಳಗೆ. ಬಾಲ್ಕನಿ ಇಡಿಯಾಗಿ ಕಣ್ಣೆದುರು ನಿಂತಿತ್ತು. ಕೆಂಪು ಹಂಚು, ಗಿಳಿಹಸಿರು ಜಾಲರಿ, ಕಿತ್ತ ಜಾಗದಲ್ಲಿ ಕಾಣುವ ಹೂವಿನ ನೈಟಿ, ಸೂಜಿಯಂತೆ ನೆಟ್ಟಗೆ ಕೂತ ಬಾಯಮ್ಮ, ಕೈಯಲ್ಲಿ ಇಡ್ಲಿಯ ಚೂರು. ಹೊಸ ಕಿಟಕಿಯ ಚೌಕಟ್ಟಿನೊಳಗೆ ಹಳೆಯ ಮನೆ. ಉಸಿರು ಹಿಡಿದು ಒಂದೇ ಒಂದು ತೆಗೆದೆ. ಸಾಕೆನಿಸಿತು.

ಕೆಳಗೆ ಬಂದು ತಲೆಯೆತ್ತಿ, ಬಾಯಮ್ಮ, ಈ ಫೋಟೋ ಒಮ್ಮೆ ನೋಡಿ ಎಂದೆ. ಅವರು ಕೆಳಗೆ ಇಳಿದರೆ ಪಿಯುಸ್ ಕೆಲಸ ಮುಗಿಸಿಬಿಡುತ್ತಾನಲ್ಲ, ಹಾಗಾಗಿ ಮೀನಿನವರು ಬಂದಾಗ ಇಳಿಸುವ ಬುಟ್ಟಿಯನ್ನು ಹಗ್ಗ ಕಟ್ಟಿ ಇಳಿಬಿಟ್ಟರು. ನನ್ನ ಫೋನು ಬಂಗುಡೆಯ ವಾಸನೆಯ ಬುಟ್ಟಿಯಲ್ಲಿ ಕೂತು ಮೇಲೇರಿತು.

ಬಾಯಮ್ಮ ತುಂಬ ಹೊತ್ತು ನೋಡಿದರು. ಆಮೇಲೆ ಗಂಡನನ್ನು ಮೇಲೆ ಕರೆದರು. ಜೊಕಿಮರು ಗೊಣಗುತ್ತ ಮೆಟ್ಟಿಲು ಹತ್ತಿದ್ದು ಕೇಳಿಸಿತು. ದಿನವಿಡೀ ಗಲ್ಲಾದಲ್ಲಿ ಕೂರುವ ಅವರು ಬಾಲ್ಕನಿಗೆ ಬರುತ್ತಿದ್ದದ್ದು ಮಾಡು ಸೋರಿದಾಗ ಮಾತ್ರವಂತೆ. ಫೋನ್ ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ಫೋನ್ ನೋಡಿದರು. ಅವರಾಡಿದ್ದು ಕೊಂಕಣಿಯಲ್ಲಿ. ಜಾನೆಟ್ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದಳು.

"ನೀನು ದಿನಾ ಹೀಗೆ ಕಾಣ್ತೀಯಾ?"

"ಅಂಗಡಿಯ ಒಳಗೆ ಕೂತವರಿಗೆ ಹೇಗೆ ಗೊತ್ತಾಗ್ಬೇಕು?" ಎಂದರು ಬಾಯಮ್ಮ.

ಕೀಳುವುದೋ ಇಳಿಯುವುದೋ ಬೇಗ ಹೇಳಬೇಕು, ಕೈ ಸೋಲುತ್ತಿದೆ ಎಂದು ಏಣಿಯ ಮೇಲಿನಿಂದ ಪಿಯುಸ್ ಕೇಳಿದ. ಜೊಕಿಮರು ಜಾಲರಿಗೆ ಕೈಯಿಟ್ಟು ಕೆಳಗೆ ಬಗ್ಗಿದರು. ಅವರ ದನಿ ಈಗ ತಗ್ಗಿರಲಿಲ್ಲ.

"ಆ ಹಲಗೆ ವಾಪಸ್ ಹೊಡಿ, ಪಿಯುಸ್. ಕೀಳುವವರು ಬಂದ್ರೆ ಕೀಳಲಿ. ಅವರ ಕೆಲಸ ನಾನು ಯಾಕೆ ಮಾಡಿ ಕೊಡ್ಬೇಕು?"

ಜಾನೆಟ್ ಟೋಪಿ ತೆಗೆದು ಗಾಳಿಗೆ ಎಸೆದಳು, ಅದು ಹೋಗಿ ತಂತಿಗೆ ಸಿಕ್ಕಿಕೊಂಡಿತು. ನಾನು ಕಡೆಗೂ ರಸ್ತೆಯಲ್ಲೇ ಕುಣಿದೆ, ಗಿರಾಕಿಗಳು ನೋಡಿದರೆ ನೋಡಲಿ. ಮೇಲೆ ಜೊಕಿಮರು ಕೆಳಗಿಳಿಯುವ ಲಕ್ಷಣವೇ ಇರಲಿಲ್ಲ. ತಲೆಗೂದಲು ಸವರಿಕೊಂಡು, ತನಗೂ ಕೂರಬೇಕು, ಸ್ವಲ್ಪ ಸರಿ ಎಂದು ಹೆಂಡತಿಗೆ ಹೇಳಿದರು.

ಬಾಯಮ್ಮ ಸರಿಯಲಿಲ್ಲ. ಒಳಗೆ ಇನ್ನೊಂದು ಕುರ್ಚಿ ಉಂಟು, ತಂದು ಹಾಕಿಕೊಳ್ಳಿ ಎಂದರು. ಜೊಕಿಮರು ಹೋಗಿ ತಂದರು.