ತಾಡಪತ್ರಿ ಹೊದ್ದ ಕಂಪ್ಯೂಟರ್

ಸಂಡೂರಿನ ಕೆಂಪು ಧೂಳಿಗೆ ಹೇಳದೆ ಕೇಳದೆ ಮನೆಯೊಳಗೆ ಬರುವ ಅಭ್ಯಾಸ. ಅದಕ್ಕೇ ಶಾಂಭವಿ ಟಿವಿಗೆ, ಮಿಕ್ಸಿಗೆ, ಎಲ್ಲಕ್ಕೂ ಗೌಸು ಹೊಲಿದಿದ್ದಳು. ಗಂಡ ಮುರುಗೇಶನ ಕಂಪ್ಯೂಟರಿಗಂತೂ ಅವನು ಓಡಿಸುತ್ತಿದ್ದ ಅದಿರು ಲಾರಿಗೆ ಹೊದಿಸುವ ಹಳೆಯ ತಾಡಪತ್ರಿಯನ್ನೇ ಕತ್ತರಿಸಿ ಹೊಲಿದಳು. ಮುಂದೆ ಗುಂಡಿ ಒತ್ತಲು ಒಂದು ಕಿಂಡಿ, ಹಿಂದೆ ವೈರುಗಳಿಗೊಂದು ತೂತು. ಸೂಜಿ ಮುರಿಯಿತು, ಬೆರಳಿಗೂ ಚುಚ್ಚಿತು. ಪುಣ್ಯಾತ್ಗಿತ್ತಿ ಬಿಡಲಿಲ್ಲ.

ಬೆನ್ನಿನ ಆಪರೇಷನ್ ಆದಮೇಲೆ ಡಾಕ್ಟರು ಮುರುಗೇಶನಿಗೆ ಲಾರಿ ಮುಟ್ಟಬೇಡ ಎಂದುಬಿಟ್ಟಿದ್ದರು. ಗಾಡಿಯ ಕೀಲಿ ಮಾಲೀಕರಿಗೆ ಕೊಟ್ಟುಬಂದ ದಿನ ಅವನು ಊಟವನ್ನೇ ಮಾಡಲಿಲ್ಲ. ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದ್ದು ಕಂಪ್ಯೂಟರಿನ ಲಾರಿ ಆಟ. ತೆರೆಯ ಮೇಲೆ ಯಾವುದೋ ಹಿಮದ ದೇಶದ ರಸ್ತೆ. ಇವನು ಮಾತ್ರ ತಿರುವು ತಿರುವಿಗೂ ಸಂಡೂರಿನ ಘಾಟಿನಲ್ಲಿ ಹೊಡೆದಂತೆ ಹಾರ್ನ್ ಹೊಡೆಯುತ್ತಿದ್ದ. ಅಕ್ಕಪಕ್ಕದವರು ನಕ್ಕರೆ ನಗಲಿ, ಆ ಹಾರ್ನ್ ಕೇಳಿದರೆ ಶಾಂಭವಿಯ ಹೊಟ್ಟೆ ತಣ್ಣಗಾಗುತ್ತಿತ್ತು.

ಈಚೆಗೆ ಏರು ಹತ್ತುವಷ್ಟರಲ್ಲಿ ಚಿತ್ರ ಕುಂಟಿ ಕುಂಟಿ ನಿಂತೇಬಿಡುತ್ತಿತ್ತು. ಆಗ ಅವನ ಮುಖ ಕೀಲಿ ಕೊಟ್ಟುಬಂದ ದಿನದ ಹಾಗೇ ಆಗುತ್ತಿತ್ತು. ಅದನ್ನು ನೋಡಲಾರದೆ ಅವಳೇ ಹಟ ಹಿಡಿದಳು. "ಚಿತ್ರ ಓಡಿಸೋ ಗ್ರಾಫಿಕ್ಸ್ ಕಾರ್ಡ್ ಬದಲಿ ಮಾಡ್ಸಿದ್ರ ಸರಿಹೋಗ್ತೈತಂತ. ನಡೀರಿ ಹೊಸಪೇಟಿಗೆ."

ಹೊಸಪೇಟೆಯ ರಿಪೇರಿ ಅಂಗಡಿಯ ಪಂಪೇಶ್ ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ ಹುಬ್ಬೇರಿಸಿದ.

"ಸಂಡೂರಿನ ಸಿಸ್ಟಮ್ ಬಿಚ್ಚಿದ್ರ ನನ್ನ ಟೇಬಲ್ ಕೆಂಪಗಾಗ್ತೈತಿ. ಇದ್ರಾಗ ಒಂದ್ ಚಿಟಿಕಿ ಧೂಳಿಲ್ಲ ನೋಡ್ರಿ!"

ಶಾಂಭವಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಪಂಪೇಶ್ ಎರಡು ಕಾರ್ಡು ತಂದಿಟ್ಟ. "ನಿಮ್ಮ ಮಾನಿಟರ್ ಫುಲ್ ಎಚ್‌ಡಿ ಐತಿ ಅಣ್ಣ. ಈ ದೊಡ್ಡದು ಹಾಕ್ರಿ, ರಸ್ತಿ ಮ್ಯಾಲಿನ ಕಲ್ಲು ಸೈತ ಮಸ್ತ್ ಕಾಣ್ತಾವ. ಸಣ್ಣದೂ ನಡೀತೈತಿ, ಆದ್ರ ಆಟದಾಗಿನ ಲಾರಿ ಕನ್ನಡಿ ಮಬ್ಬು ಮಾಡ್ಕಂಡು ಆಡ್ಬೇಕು."

ಮುರುಗೇಶನ ಕಣ್ಣು ದೊಡ್ಡದರ ಮೇಲಿಂದ ಕದಲಲಿಲ್ಲ. ಬಾಯಿ ಮಾತ್ರ, "ಸಣ್ಣದೇ ಕೊಡ್ರಿ. ಬಿಸಿ ಕಮ್ಮಿ ಆಗ್ಬೇಕು ನನಗ," ಎಂದಿತು.

"ಕನ್ನಡಿ ಮಬ್ಬಿದ್ರ ಗಾಡಿ ಹ್ಯಾಂಗ ಹೊಡೀತೀರಿ?" ಶಾಂಭವಿ ಕೇಳಿದಳು.

ಪಂಪೇಶ್ ಹಳೆಯ ಕಾರ್ಡನ್ನು ತಿರುವಿ ನೋಡಿದ. "ಬಿಸಿ ಅಂದ್ರಲ್ಲ, ಇದು ಗಾಳಿ ಆಡದ ಕಾದು ಕಾದು ಹಾಳಾಗೈತಿ. ಏನಾರ ಹೊದಿಸಿ ಇಟ್ಟಿದ್ರೇನು?"

"ಇಲ್ರೀ," ಮುರುಗೇಶ್ ಥಟ್ಟನೆ ಹೇಳಿದ. "ಮೂಲ್ಯಾಗ ಇಟ್ಟಿದ್ವಿ, ಅದಕ್ಕ."

ಶಾಂಭವಿ ಗಂಡನನ್ನೇ ನೋಡಿದಳು. ಇಂಜಿನ್ ಕಾದರೆ ಬಾನೆಟ್ ಎತ್ತಬೇಕೆಂದು ಗೊತ್ತಿಲ್ಲದ ಡ್ರೈವರ್ ಉಂಟೇ? ಇವನಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ಗೌಸು ಹೊಲಿಯುವಾಗ ಅವನು ಹಾಸಿಗೆಯಲ್ಲಿ ಮಲಗಿ ಅವಳ ಬೆರಳನ್ನೇ ನೋಡುತ್ತಿದ್ದ. ಅದನ್ನು ತೆಗೆ ಎನ್ನಲು ಬಾಯಿ ಬಂದಿಲ್ಲ. ಏರಿನಲ್ಲಿ ಗಾಡಿ ನಿಂತರೂ ಸುಮ್ಮನೆ ಕೂತಿದ್ದಾನೆ, ಈಗ ಗೌಸಿನೊಳಗೂ ಕಾಯದಿರಲೆಂದು ಸಣ್ಣ ಕಾರ್ಡು ಕೇಳಿದ್ದಾನೆ. ಅವಳಿಗೆ ಗಂಡನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

"ಹೊದಿಸಿದ್ದು ನಾನೇ, ತಾಡಪತ್ರಿ," ಎಂದಳು. "ದೊಡ್ಡದೇ ಕೊಡ್ರಿ. ಹೊಲಿದಾಕಿಗೆ ಕತ್ತರಿಸೋಕೂ ಬರ್ತೈತಿ."

"ಭಾಳ ಕಷ್ಟಪಟ್ಟು ಹೊಲಿದೀಯಲ್ಲೇ..." ಮುರುಗೇಶ್ ಗೊಣಗಿದ.

"ಬಾಯಿಲಿ ಹೇಳಾಕ ಏನಾಗಿತ್ತು ನಿಮಗ?"

ಸಂಜೆ ಮನೆಗೆ ಬಂದವಳೇ ಕತ್ತರಿ ಹಿಡಿದು ಗೌಸಿನ ಎರಡೂ ಮಗ್ಗುಲು, ಹಿಂಭಾಗ ಕತ್ತರಿಸಿ ಸೊಳ್ಳೆಪರದೆಯ ಬಟ್ಟೆ ಹೊಲಿದಳು. ಆಟ ಆಡುವಾಗ ಅದೂ ಬ್ಯಾಡ, ತೆಗೆದಿಡಬೇಕು ಎಂದು ತಾಕೀತು ಮಾಡಿದಳು. ಮುರುಗೇಶ್ ಮೇಜಿಗೆ ಬಿಗಿದ ಆಟದ ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಲಾರಿ ಹೊರಟಿತು. ಏರು ಬಂತು. ಚಿತ್ರ ನಿಲ್ಲಲಿಲ್ಲ. ಕನ್ನಡಿಯಲ್ಲಿ ಹಿಂದಿನ ರಸ್ತೆ ನಿಚ್ಚಳವಾಗಿ ಕಾಣುತ್ತಿತ್ತು.

ಮದುವೆಯಾದಾಗಿನಿಂದ ಅವಳು ಗಂಡನ ಲಾರಿ ಹತ್ತಿದವಳಲ್ಲ. ಅದಿರು ಗಾಡಿಯಲ್ಲಿ ಹೆಂಗಸರನ್ನು ಕೂರಿಸುವ ಪದ್ಧತಿಯೇ ಇರಲಿಲ್ಲ. ಮುರುಗೇಶ್ ರಸ್ತೆಯಿಂದ ಕಣ್ಣು ತೆಗೆಯದೆ ಕಾಲಿನಿಂದಲೇ ಪಕ್ಕದ ಸ್ಟೂಲು ಎಳೆದ.

"ಕ್ಲೀನರ್ ಇಲ್ದ ಘಾಟ್ ಇಳಿಸ್ಬಾರ್ದು. ಕುಂದ್ರು ಬಾ."

ಅವಳು ಕೂತಳು. ತಿರುವು ಬಂದಾಗ ಅವನಿಗಿಂತ ಮೊದಲೇ ಕೈ ಚಾಚಿ ಹಾರ್ನ್ ಒತ್ತಿದಳು.